ಬ್ಯಾಡಗಿ ಮೂಗು, ವಿಜಾಪುರದ ವೈನು

ಈ ಸಲ ಬರದದ್ದೆಲ್ಲಾ ಖರೇ ಐತ್ರಿ. ಹೋದ ಸಲಾನೂ ಹಂಗ ಅಂದಿದ್ನಿ, ಅದು ಬ್ಯಾರೆ ಮಾತು. ಈ ಸಲ ಬ್ಯಾಡಗಿ ಪ್ಯಾಟಿ ತಕ್ಕಡಿ ಮುಟ್ಟಿ ಆಣಿ ಮಾಡೇನಿ.

"ದಲಾಲಿ ಮಂದಿ ತಕ್ಕಡಿ ಮುಟ್ಟಿದ್ರನ ರೈತನ ಎದಿ ಡವ್ ಡವ್ ಅಂತೈತಿ, ಅದರ ಮ್ಯಾಲ ಆಣಿ ಬ್ಯಾರೆ" ಅಂತಾಳ ನಮ್ಮಾಕಿ.

ನಮ್ಮಾಕಿ ಅಂದ್ರ ನನ್ನ ಹೆಂಡ್ತಿ. ಹೊರಗ ಕಟ್ಟಿ ಮ್ಯಾಲ ಕುಂತು ಮೆಣಸಿನಕಾಯಿ ತುಂಬು, ಅಂದ್ರ ತೊಟ್ಟು, ಬಿಡಸಾಕತ್ತಾಳ. ನಾ ಬಾಗಲದಾಗ ಖುರ್ಚಿ ಹಾಕ್ಕೊಂಡು, ಬರದದ್ದನ್ನ ತುಕಡಿ ತುಕಡಿ ಮಾಡಿ ಆಕಿಗೆ ಓದಿ ಹೇಳಬೇಕು. ಇದು ಆಕಿ ಹಾಕಿದ ಕರಾರು. ಯಾಕಂದ್ರ ಬರೋ ತಿಂಗಳು ವಿಜಾಪುರ ಕಡೆ ಇರೋ ನಮ್ಮ ಬೀಗರು ಹೊಸಾ ವೈನು ಹೊರಗ ತಗೀತಾರ. ನಲವತ್ತು ಮಂದಿ ಮುಂದ ನಾ ಒಂದೊಂದ ಗ್ಲಾಸು ಮೂಸಿ, ಯಾವದರಾಗ ಏನು ವಾಸನಿ ಐತಿ ಅಂತ ಹೇಳಬೇಕು. ಅಲ್ಲಿಗೆ ನಮ್ಮಾಕಿ ಬರಾಕಬೇಕು. ನನಗ ಒಬ್ಬನ ಹೋಗಾಕ... ಬಸ್ಸಿನ್ಯಾಗ ಬ್ಯಾಸರಾಕ್ಕೇತಿ.

"ಬರತೇನಿ. ಆದ್ರ ಈ ಬರಹದಾಗ ಸುಳ್ಳು ಇರಬಾರದು" ಅಂದ್ಲು. "ಉಪ್ಪಿನಷ್ಟು ಆದ್ರ ಬಿಡತೇನಿ. ಊಟನ ಸುಳ್ಳಾದ್ರ ನೀವೊಬ್ರ ಹೋಗ್ರಿ."

ಆಕಿ ಇಳಕಲ್ ಸೀರಿ ನಿನ್ನೇನ ಇಸ್ತ್ರಿಗೆ ಕೊಟ್ಟಿದ್ದು ನಾ ನೋಡೇನಿ. ಆದ್ರೂ ಕರಾರು ಕರಾರ. ವೈನಿನ ಬಗ್ಗೆ ಬರಿಯಾಕ ಹತ್ತಿದಾಗಿಂದ ಇಂಥಾ ಪೇಚು ನನಗ ತಪ್ಪಿದ್ದ ಇಲ್ಲ.

ಅರವತ್ತೊಂದಕ್ಕ ಮೊದಲನೇ ಗುಟುಕು

ನಲವತ್ತು ವರ್ಷ ನಾ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ದಲಾಲಿ ಮಾಡೇನಿ. ಹೊರಗಿನ ಮಂದಿ ಪ್ಯಾಟಿ ಗೇಟಿನ್ಯಾಗ ಕಾಲಿಡೂಕಿಂತ ಮೊದಲ ಸೀನಾಕ ಹತ್ತತಾರ. ನಾ ನಲವತ್ತು ವರ್ಷದಾಗ ಒಂದ ಒಂದು ಸಲ ಸೀನಿಲ್ಲ. ಅಷ್ಟು ಗಟ್ಟಿ ಮೂಗು ನಂದು. ಅರವತ್ತೊಂದಕ್ಕ ಅಂಗಡಿ ಬಿಟ್ಟೆ. ಅಲ್ಲೀತನಕಾ ವೈನು, ಸೆರೆ ಎಲ್ಲಾ ಒಂದ ಅಂತ ತಿಳಕೊಂಡಿದ್ನಿ.

ಆ ವರ್ಷ ಬೀಗರ ಊರಿಗೆ ಹೋಗಿದ್ವಿ. ಅವರದು ದ್ರಾಕ್ಷಿ ತ್ವಾಟ. ಒಣದ್ರಾಕ್ಷಿ ಮಾಡೋದು ಬಿಟ್ಟು ವೈನು ಮಾಡಾಕ ಹತ್ತಿದ್ರು. ಕೆಂಪಂದು ಒಂದು ಗ್ಲಾಸು ನನ್ನ ಕೈಯಾಗ ಕೊಟ್ಟು, "ಬೀಗರ, ಕುಡಿಬ್ಯಾಡ್ರಿ. ಮೊದಲ ಮೂಸ್ರಿ. ಏನು ವಾಸನಿ ಬಂತು ಹೇಳ್ರಿ" ಅಂದ್ರು.

ನಾ ಮೂಗು ಒಳಗ ಹಾಕಿದ್ನಿ. ಅಷ್ಟರಾಗ ನಮ್ಮಾಕಿ ಗಾಬರಿಯಾಗಿ ಗ್ಲಾಸು ಕಸಗೊಂಡ್ಲು. ಆಕಿ ಒಂದು ಹನಿ ಮುಟ್ಟಾಕಿ ಅಲ್ಲ, ಖರೇ, ಆದ್ರ ಗ್ಲಾಸು ಆಕಿ ಮೂಗಿನ ಹಂತ್ಯಾಕ ಹೋತು. "ಅಯ್ಯ, ಹೊಸಾ ಗೋಣಿಚೀಲದಾಗ ಕಳತ ನೇರಳೆಹಣ್ಣು ಕಟ್ಟಿ ಇಟ್ಟಂಗ ಐತಿ" ಅಂತ ತನ್ನಷ್ಟಕ್ಕ ತಾ ಗೊಣಗಿದ್ಲು. ನಾ ಅದರ ಕಡೆ ಲಕ್ಷ್ಯನ ಕೊಡಲಿಲ್ಲ. ಕಣ್ಣು ಮುಚ್ಚಿ, ಐದು ನಿಮಿಷ ಸ್ವಂತ ವಿಚಾರ ಮಾಡಿ ಹೇಳಿದ್ನಿ: "ಬೀಗರ, ಇದರಾಗ ಕಳತ ನೇರಳೆಹಣ್ಣು ಐತಿ. ಹೊಸಾ ಗೋಣಿಚೀಲದಾಗ ಕಟ್ಟಿದ್ದು."

ಬೀಗರು ದಂಗಾಗಿ ನಿಂತ್ರು. "ಪುಣೆದಿಂದ ದೊಡ್ಡ ದೊಡ್ಡ ಮಂದಿ ಬಂದು ಹೋದ್ರು, ಗೋಣಿಚೀಲ ಯಾರಿಗೂ ಹೊಳಿಲಿಲ್ಲ" ಅಂದು, ಬಗ್ಗಿ ನನ್ನ ಕಾಲು ಮುಟ್ಟಾಕ ಬಂದ್ರು. ನಾನೂ ಬ್ಯಾಡ ಅನ್ನಲಿಲ್ಲ.

"ಬೀಗರು ಬಗ್ಗಿದ್ದು ಬಾಟ್ಲಿ ಬೂಚು ಕೆಳಗ ಬಿದ್ದಿತ್ತು ಅಂತ" ಅಂದ್ಲು ನಮ್ಮಾಕಿ, ಕಟ್ಟಿ ಮ್ಯಾಲಿಂದನ. "ಇರಲಿ, ಇದು ಉಪ್ಪಿನಷ್ಟು. ಮುಂದ ಓದ್ರಿ."

ಬಾಗಲಾ ಕಾಯೋ ಬಾಟ್ಲಿ

ಊರಿಗೆ ಬಂದ ಮ್ಯಾಲ ತಲ್ಯಾಗ ಅದ ಗುಂಗು. ಬ್ಯಾಡಗ್ಯಾಗ ಕೇಳಿದ್ರ ನಮ್ಮ ಓಣ್ಯಾಗ ಮಾರಿ ಎತ್ತಿ ತಿರಗಾಕ ಆಗಂಗಿಲ್ಲ ಅಂತ ಹಾವೇರಿಗೆ ಹೋದ್ನಿ. ಬಸ್‌ಸ್ಟ್ಯಾಂಡ್ ಹಂತ್ಯಾಕ ಒಂದು ಅಂಗಡಿ ಬೋರ್ಡಿನ ಮ್ಯಾಲ ಆಳೆತ್ತರದ ಅಕ್ಷರದಾಗ 'ವೈನ್ಸ್' ಅಂತ ಬರದಿತ್ತು. ತಲಿ ಮ್ಯಾಲ ಟಾವೆಲ್ ಹೊತ್ತುಕೊಂಡು ಒಳಗ ಹೊಕ್ಕೆ.

"ವೈನು ಐತೇನಪಾ?"

"ರಮ್ ಐತಿ, ಬ್ರಾಂದಿ ಐತಿ, ವಿಸ್ಕಿ ಐತಿ."

"ಅಲ್ಲೋ, ವೈನು."

ಆ ಅಂಗಡಿಯಾವ ನನ್ನ ಕೆಳಗ ಮ್ಯಾಲ ನೋಡಿದ. "ಅಜ್ಜಾರ, ಇದು ವೈನ್ ಶಾಪ್ ಐತಿ. ಇಲ್ಲಿ ವೈನು ಎಲ್ಲಿಂದ ಬರಬೇಕು?"

ನಾಕು ಅಂಗಡಿ ತಿರಗಿದ್ನಿ. ನಾಕರಾಗೂ ಅದ ಬೋರ್ಡು, ಅದ ಜವಾಬು. ಐದನೇ ಅಂಗಡ್ಯಾಗ ಕಡೀಕ ಒಂದು ವೈನಿನ ಬಾಟ್ಲಿ ಕಣ್ಣಿಗೆ ಬಿತ್ತು. ಮ್ಯಾಲ ಒಂದು ಬೆರಳು ಧೂಳು. ಬಾಗಲಾ ಗಾಳಿಗೆ ಬಡೀಬಾರದಂತ ಅದನ್ನ ಕೆಳಗ ಆನಿಕಿ ಇಟ್ಟಿದ್ರು. "ಇದನ್ನ ಕೊಡು" ಅಂದ್ನಿ. ಅವಂಗ ನಂಬಕಿ ಆಗಲಿಲ್ಲ. ಧೂಳು ಒರಸಿ, ಪೇಪರಿನ್ಯಾಗ ಸುತ್ತಿ, ಭಾಳ ಮರ್ಯಾದಿಲೆ ಕೊಟ್ಟ. ಮೆಟ್ಟಲಾ ಇಳ್ಯೂದ್ರಾಗ ಹಿಂದ ಬಾಗಲಾ ಧಡ್ ಅಂತ ಬಡೀತು. ಅಂವ ಹೊರಗ ಓಡಿ ಬಂದ.

"ಅಜ್ಜಾರ, ಲಗೂನ ಕುಡದು ಖಾಲಿ ಬಾಟ್ಲಿ ತಂದುಕೊಡ್ರಿ. ಗಾಳಿ ಭಾಳ ಐತಿ."

ಧಾರಣಿ ಕೆಳಗ ದ್ರಾಕ್ಷಿ

ನಲವತ್ತು ವರ್ಷ ನಾ ಬರದದ್ದು ಬರೇ ಚೀಟಿ. ಇಷ್ಟು ಚೀಲ, ಈ ಜಾತಿ, ಈ ಧಾರಣಿ. ಅದನ್ನ ಬಿಟ್ಟು ಒಂದು ಉದ್ದನೆ ವಾಕ್ಯ ಬರದಾವ ಅಲ್ಲ. ಹಾವೇರಿಯ ಒಂದು ವಾರಪತ್ರಿಕಿಗೆ ಮೆಣಸಿನಕಾಯಿ ಧಾರಣಿ ಬರದು ಕಳಸ್ತಿದ್ನಿ. ಒಂದು ವಾರ ಕೆಳಗ ಎರಡು ಬೆರಳು ಜಾಗಾ ಉಳದಿತ್ತು. ಅಲ್ಲಿ ಆ ಬಾಗಲದ ಬಾಟ್ಲಿ ಬಗ್ಗೆ ಬರದ್ನಿ. ಸಂಪಾದಕರು ಫೋನ್ ಹಚ್ಚಿ, "ಯಜಮಾನ್ರ, ಡಬ್ಬಿ ಮೆಣಸಿನಕಾಯಿ ಧಾರಣಿ ಕೆಳಗ ಇದೇನ್ರಿ?" ಅಂದ್ರು. "ಮ್ಯಾಲಿಂದು ಖಾರ, ಕೆಳಗಿಂದು ಅದಕ್ಕ ಔಷಧ" ಅಂದ್ನಿ. ನಕ್ಕು ಹಾಕಿದ್ರು. ಹಂಗ ಶುರು ಆತು ನೋಡ್ರಿ. ಪೇಪರ್ ಬರೋ ದಿನ ಮುಂಜಾನೆ ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿ, ಕಟ್ಟು ಬಿಚ್ಚೂದ್ರಾಗನ ನನ್ನ ಹೆಸರು ಹುಡಕೂದು. ಮದುವಿ ಆದಾಗೂ ನನಗ ಇಷ್ಟು ಹುರುಪು ಇರಲಿಲ್ಲ.

"ಇದು ಖರೇ" ಅಂದ್ಲು ನಮ್ಮಾಕಿ.

ಬರಿಯೋ ಪದ್ಧತಿ ಹಿಂಗ: ಬಾಟ್ಲಿ ಬಿಚ್ಚಿ ಗ್ಲಾಸಿಗೆ ಹಾಕಿ ಮೊದಲ ಆಕಿ ಮುಂದ ಹಿಡಿಯೂದು. "ಮೂಸಿದ್ರ ಮಡಿ ಏನು ಕೆಡಂಗಿಲ್ಲ" ಅಂತ ಆಕಿ ಮೂಸಿ ಏನೋ ಒಂದು ಅಂತಾಳ. ಸುಮ್ನ ಆಕಿ ಮನಸಿಗೆ ಸಮಾಧಾನ ಆಗಲಿ ಅಂತ ಕೇಳೂದಷ್ಟ. ಬರಿಯೂದು ನಾನ.

ಒಮ್ಮೆ ಒಂದು ವೈನಿನ ಬಗ್ಗೆ 'ಗುತ್ತಲ ಸಂತ್ಯಾಗ ಮಳಿಗೆ ತೊಯ್ದ ಹೊಸಾ ತೊಗಲ ಚಪ್ಪಲಿ ವಾಸನಿ' ಅಂತ ಬರದ್ನಿ. ಇಂಗ್ಲಿಷ್ ಪುಸ್ತಕದಾಗೂ ತೊಗಲಿನ ವಾಸನಿ ಅಂದ್ರ ದೊಡ್ಡ ಹೊಗಳಿಕಿ. ವಾರ ಕಳಿಯೂದ್ರಾಗ ಗುತ್ತಲದಿಂದ ಒಬ್ಬ ರೈತನ ಕಾರ್ಡ್ ಬಂತು: 'ಯಜಮಾನ್ರ, ಚಪ್ಪಲಿ ವಾಸನಿಗೆ ಅಷ್ಟು ದೂರ ಯಾಕ ಹೋಗ್ತೀರಿ? ನಮ್ಮ ಮನಿ ಬಾಗಲದಾಗ ಐದು ಜೋಡು ಅದಾವು. ಬಂದು ಮೂಸ್ರಿ. ಚಹಾ ಕುಡದು ಹೋಗ್ರಿ.'

ರಾಣಿಬೆನ್ನೂರಿನ ಎಳೀ ವೈನು

ರಾಣಿಬೆನ್ನೂರಿನ್ಯಾಗ ಒಬ್ಬರು ಬೀಜದ ವ್ಯಾಪಾರಿ ನನ್ನ ಅಂಕಣ ಓದಿ ಊಟಕ್ಕ ಕರದ್ರು. "ಗೋವಾದಿಂದ ಒಂದು ಬಾಟ್ಲಿ ಬಂದೈತಿ, ನೀವ ಪರೀಕ್ಷಾ ಮಾಡಬೇಕು" ಅಂದ್ರು. ಹೋದ್ನಿ. ಅವರು ಅಂಗಡಿಗೆ ಯಾರೋ ಬಂದ್ರು ಅಂತ ಹೊರಗ ಹೋಗಿದ್ರು. ಒಳಗಿಂದ ಅವರ ಮುದುಕಿ ತಾಯಿ ಒಂದು ಗ್ಲಾಸು ಕೆಂಪಂದು ತಂದು ಇಟ್ಟು ಹೋದ್ರು. ನಾ ಮೂಸಿದ್ನಿ. ತಿರಗಿಸಿದ್ನಿ. ಕುಡದ್ನಿ. ವ್ಯಾಪಾರಿ ಬಂದ ಕೂಡ್ಲೆ ಹತ್ತು ನಿಮಿಷ ಮಾತಾಡಿದ್ನಿ: ಇದು ಎಳೀ ವೈನು, ಸಮುದ್ರದ ಗಾಳಿ ಕುಡದೈತಿ, ಇನ್ನ ಐದು ವರ್ಷ ಇಟ್ರ ರಾಜರು ಕುಡಿಯೂವಂಗ ಆಕ್ಕೇತಿ.

ಅಷ್ಟರಾಗ ಆ ಮುದುಕಿ ಬಂದು, "ಕೋಕಂ ಶರಬತ್ತು ಹೆಂಗಾಗೇತ್ರಿ? ಪಿತ್ತಕ್ಕ ಭಾಳ ಚಲೋ" ಅಂದ್ರು. ಬಾಟ್ಲಿ ಕಪಾಟಿನ್ಯಾಗ ಬೂಚು ಸುದ್ದಾ ತಗೀದ ಕುಂತಿತ್ತು.

ನನಗ ಮೊದಲನೇ ಹನ್ಯಾಗನ ಗೊತ್ತಾಗಿತ್ರಿ, ಕೋಕಂ ಅಂತ. ಆದ್ರ ವಯಸ್ಸಾದಾಕಿ ಪ್ರೀತಿಲೆ ಕೊಟ್ಟದ್ದು. ಆಕಿ ಮನಸು ಯಾಕ ನೋಯಿಸಬೇಕು ಅಂತ ವೈನು ಅಂದ್ನಿ.

ಇಲ್ಲಿ ಓದೂದು ನಿಲ್ಲಿಸಿ ಕಟ್ಟಿ ಕಡೆ ನೋಡಿದ್ನಿ. ನಮ್ಮಾಕಿ ತಲಿ ಎತ್ತಲಿಲ್ಲ. ಕೈಯಾಗಿನ ಮೆಣಸಿನಕಾಯಿಗೆ ಹೇಳಿದ್ಲು: "ಅವತ್ತು ನಾ ಐರಣಿಗೆ ಹೋಗಿದ್ನಿ, ನಮ್ಮಕ್ಕನ ಮನಿಗೆ."

ಮೂರು ಗ್ಲಾಸು, ಒಂದು ಏಲಕ್ಕಿ ಹಾರ

ಕೋಕಂ ಸುದ್ದಿ ಹಬ್ಬೂದಕ್ಕ ಎಷ್ಟೊತ್ತು? ಅಗಡಿಯ ಒಬ್ಬರು ರಿಟಾಯರ್ಡ್ ಹೆಡ್‌ಮಾಸ್ತರು ಸಂಪಾದಕರಿಗೆ ಪತ್ರದ ಮ್ಯಾಲ ಪತ್ರ ಬರದ್ರು: 'ಈ ಮನುಷ್ಯಾಗ ಮೂಗ ಇಲ್ಲ. ಅಂಕಣ ನಿಲ್ಲಸ್ರಿ.' ಸಂಪಾದಕರಿಗೆ ತಲಿ ಕೆಟ್ಟು, ಒಂದಿನ ಆ ಮಾಸ್ತರನ್ನ ಕರಕೊಂಡು ನಮ್ಮ ಮನಿಗೇ ಬಂದ್ರು. ಜೋಡಿಗೆ ಹಾವೇರಿಯಿಂದ ಒಂದು ಏಲಕ್ಕಿ ಹಾರ. "ಯಜಮಾನ್ರ, ಮಾಸ್ತರು ಮೂರು ಗ್ಲಾಸು ತುಂಬತಾರ. ಮೂರೂ ಸರಿ ಹೇಳಿದ್ರ ಈ ಹಾರ ನಿಮಗ. ಒಂದು ತಪ್ಪಿದ್ರೂ ಹಾರ ಮಾಸ್ತರಿಗೆ, ಅಂಕಣ ಬಂದ್."

ಅಂಕಣ ಹೋದ್ರ ನಾ ಮತ್ತ ಚೀಟಿ ಬರಿಯೋ ಮನಶ್ಯಾನ.

ಮಾಸ್ತರು ಅಡಗಿಮನ್ಯಾಗ ಹೋಗಿ ಗ್ಲಾಸು ತುಂಬಿಟ್ಟು ಬಂದು ಕುಂತ್ರು. ಒಂದೊಂದ ತಂದುಕೊಡೋ ಕೆಲಸ ನಮ್ಮಾಕಿದು. ಮೊದಲನೇ ಗ್ಲಾಸು ತರೋವಾಗ ಆಕಿ ಹಾದ್ಯಾಗ ಯಾವದೋ ಬೆಕ್ಕಿಗೆ ಬೈದ್ಲು: "ಹಚಾ! ಪ್ಯಾರಲಹಣ್ಣಿಗೆ ಬಾಯಿ ಹಾಕಬ್ಯಾಡ!" ನಾ ಗ್ಲಾಸು ಮೂಸಿ, ಗಂಭೀರ ಆಗಿ, "ಪ್ಯಾರಲಹಣ್ಣು ಬರತೈತಿ. ಬಿಳೇ ದ್ರಾಕ್ಷಿ ವೈನು" ಅಂದ್ನಿ. ಮಾಸ್ತರ ಮಾರಿ ಸಣ್ಣದಾತು.

"ಬೆಕ್ಕು ಪ್ಯಾರಲಹಣ್ಣು ತಿಂತೈತೇನ್ರಿ?" ಅಂದ್ರು.

"ಬ್ಯಾಡಗಿ ಬೆಕ್ಕು ತಿಂತಾವ್ರಿ" ಅಂದ್ನಿ.

ಎರಡನೇ ಗ್ಲಾಸು. "ಹಾಳಾದ ಬೆಕ್ಕ, ಗಾಣದ ಮನಿ ಸುಟ್ಟ ಬೆಲ್ಲಾ ನೆಕ್ಕಾಕತ್ತಿ?" ನಾ ಮೂಸಿ ಅಂದ್ನಿ, "ಗಾಣದ ಮನಿ ಬೆಲ್ಲಾ, ಚೂರು ಸುಟ್ಟದ್ದು. ಹಳೇ ಕೆಂಪು ವೈನು." ಮಾಸ್ತರು ಎದ್ದು ಮಂಚದ ಕೆಳಗ ಬಗ್ಗಿ ಬೆಕ್ಕು ಹುಡುಕಿದ್ರು. ಸಿಗಲಿಲ್ಲ. ನಾವು ಬೆಕ್ಕು ಸಾಕಿದ್ದ ಇಲ್ಲ.

ಮೂರನೇದು. ನಮ್ಮಾಕಿ ಬಾಗಲಕ್ಕ ಬರೂದ್ರಾಗ ಬೆಕ್ಕಿಗೆ ಏನೂ ಅನ್ನಲಿಲ್ಲ. ಅನ್ನಾಕ ಬಾಯಿ ತಗದಾಕಿ ಸೀನಿದ್ಲು. ಒಂದಲ್ಲ, ಎರಡಲ್ಲ, ಏಳು ಸಲ. ಗ್ಲಾಸು ಇಟ್ಟು ಕಣ್ಣು ಒರಸ್ಕೋಂತ ಒಳಗ ಓಡಿದ್ಲು. ಸಂಪಾದಕರು ಸೀನಿದ್ರು. ತಾವ ತುಂಬಿಟ್ಟ ಮಾಸ್ತರೂ ಸೀನಿದ್ರು. ನಾ ಒಬ್ಬನ ಶಾಂತ. ಗ್ಲಾಸಿನ್ಯಾಗ ಮೂಗು ಹಾಕಿ, ಗುಡಿಯೊಳಗ ನಿಂತಂಗ ಉದ್ದನೆ ಉಸಿರು ಎಳಕೊಂಡು ಅಂದ್ನಿ: "ಮಾಸ್ತರ, ಇದು ವೈನ್ ಅಲ್ಲ. ಮೆಣಸಿನಕಾಯಿ ನೆನಸಿದ ನೀರು."

"ಕಡ್ಡಿನೋ ಡಬ್ಬಿನೋ?" ಅಂದ್ರು ಮಾಸ್ತರು, ಸೀನಕೋಂತನ.

ಮೆಣಸಿನಕಾಯ್ಯಾಗ ನಮ್ಮ ಕಡೆ ಇರೂವ ಎರಡು ಜಾತಿ. ಬಣ್ಣ ನೋಡಿ, "ಡಬ್ಬಿ" ಅಂದ್ನಿ.

ಹಾರ ನನ್ನ ಕೊಳ್ಳಿಗೆ ಬಿತ್ತು. ಹೋಗೋವಾಗ ಮಾಸ್ತರು ಬಾಗಲದಾಗ ನಿಂತು, "ಎಲ್ಲಾರಿಗೂ ಸೀನು ಬಂತು, ನಿಮಗ್ಯಾಕ ಬರಲಿಲ್ಲ?" ಅಂತ ಕೇಳಿದ್ರು. "ಅದ ನೋಡ್ರಿ ಸಾಧನಾ" ಅಂದ್ನಿ.

ಮೂರೂ ಗ್ಲಾಸು ನನ್ನ ಮೂಗ ಹೇಳಿದ್ದು, ಯಾರ ಸಹಾಯಾನೂ ಇರಲಿಲ್ಲ. ಆ ಮೂಗು ಇವತ್ತಿಗೂ ಹಂಗ ಐತಿ. ಹಾರದ ಏಲಕ್ಕಿ ಒಂದೊಂದ ಬಿಡಿಸಿ ನಮ್ಮಾಕಿ ಚಹಾದಾಗ ಹಾಕತಾಳ. ಈಗ ನೋಡ್ರಿ, ಈ ಸಾಲು ಬರಿಯೋ ಹೊತ್ತಿನ್ಯಾಗ ಅಡಗಿಮನಿಯಿಂದ ಚಹಾದ ಘಮಾ ಬರಾಕತ್ತೈತಿ. ಎರಡು ಏಲಕ್ಕಿ, ಒಂದು ಚೂರು ಶುಂಠಿ.

ತುಂಬು ಬಿಡಸೋ ಕೈ ನಿಂತಿತು.

"ಕಡೀದು ಇನ್ನೊಮ್ಮೆ ಓದ್ರಿ" ಅಂದ್ಲು ನಮ್ಮಾಕಿ.

ಆಕಿಗೆ ಹಿಡಿಸಿರಬೇಕು ಅಂತ ದೊಡ್ಡ ದನಿಲೆ ಓದಿದ್ನಿ. ಈ ಸಲ ಏಲಕ್ಕಿ ಮೂರು ಮಾಡಿದ್ನಿ.

"ಅಲ್ರೀ, ಸಿಲಿಂಡರ್ ಖಾಲಿಯಾಗಿ ಎರಡು ದಿನ ಆತು, ನೀವ ತರಾಕ ಹೋಗಿಲ್ಲ. ಮುಂಜಾನೆ ಬಾಜೂ ಮನ್ಯಾಗ ಹೋಗಿ ಚಹಾ ಕುಡದು ಬಂದ್ರಿ. ನಾ ಇಲ್ಲೆ ನಿಮ್ಮ ಕಣ್ಣಮುಂದ ಕುಂತೇನಿ. ಹಂಗಾದ್ರ ಈಗ ಒಳಗ ಚಹಾ ಮಾಡಾಕತ್ತಿದ್ದು ಆ ಬೆಕ್ಕ ಇರಬೇಕು. ವಿಜಾಪುರಕ್ಕೂ ಅದನ್ನ ಕರಕೊಂಡು ಹೋಗ್ರಿ!"