ತ್ರೀ ಫೇಸ್ ಬರುವುದಿಲ್ಲ ಎಂದ ಮಿಂಚುಮರಿಯವರಿಗೆ

ಸದಾ ಆಕಾಶಮಾರ್ಗದಲ್ಲೇ ಸಂಚರಿಸುವ, ತಲೆಗೆ ಹೆಲ್ಮೆಟ್ಟಿಲ್ಲದಿದ್ದರೂ ಯಾವ ಪೊಲೀಸಿನವರ ಕೈಗೂ ಸಿಗದ, ಹದಿನೈದನೇ ವಯಸ್ಸಿಗೇ ಲೋಕ ಕಾಯುವ ಕಾರ್ಟೂನುವೀರ ಮಿಂಚುಮರಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಇಲ್ಲ, ನಾನು ಹೇಳಿಲ್ಲ. ನೂರು ಸಲ ಕೇಳಿದರೂ ಇಲ್ಲ. ಹೇಳಿದವರು ತಾವು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ತಮ್ಮ ಇಪ್ಪತ್ತೇಳನೇ ಕಂತಿನಲ್ಲಿ, ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು, ಎದೆ ಉಬ್ಬಿಸಿಕೊಂಡು ಹೇಳಿದಿರಿ. ಬೈಗುಳ ಮಾತ್ರ ನನ್ನ ಮನೆಗೆ ಬಂದಿದೆ. ಅದನ್ನು ಸರಿಯಾದ ವಿಳಾಸಕ್ಕೆ ತಲುಪಿಸೋಣವೆಂದು ಈ ಬಹಿರಂಗ ಪತ್ರ.

ನಾನು ಓಂಕಾರೇಶ್, ಚೌಳಹಿರಿಯೂರಿನಿಂದ ಒಳಗಿರುವ ನಮ್ಮೂರಿನ ನೀರಗಂಟಿ. ತ್ರೀ ಫೇಸ್ ಕರೆಂಟ್ ಬಂದಾಗ ಬೋರಿನ ಮೋಟರ್ ಹಾಕಿ, ಟ್ಯಾಂಕ್ ತುಂಬಿಸಿ, ಬೀದಿಬೀದಿಗೆ ನೀರು ಬಿಡುವುದು ನನ್ನ ಕೆಲಸ. ತಾವು ಹುಟ್ಟುತ್ತಲೇ ಮೈಯೊಳಗೆ ಕರೆಂಟ್ ಇಟ್ಟುಕೊಂಡು ಬಂದವರು, ತಮಗೆ ಇದೆಲ್ಲ ಗೊತ್ತಿರಲಾರದು. ನಮಗೆ ಸಿಂಗಲ್ ಫೇಸಿನಲ್ಲಿ ಬಲ್ಬು ಉರಿಯುತ್ತದೆ, ತಮ್ಮ ಮುಖ ಟೀವಿಯಲ್ಲಿ ಬರುತ್ತದೆ, ಆದರೆ ಮೋಟರ್ ತಿರುಗುವುದಿಲ್ಲ. ಅದು ತಿರುಗಬೇಕಾದರೆ ತ್ರೀ ಫೇಸೇ ಬರಬೇಕು.

ಹೀಗಿರುವಾಗ ತಮ್ಮ ಆ ಕಂತಿನ ಖಳನಿಗೆ ಮುಂದೊಂದು, ಹಿಂದೊಂದು, ನೆತ್ತಿಯ ಮೇಲೊಂದು, ಒಟ್ಟು ಮೂರು ಮುಖ ಇದ್ದವು ಎಂಬ ಒಂದೇ ಕಾರಣಕ್ಕೆ, ಕನ್ನಡದ ದನಿ ಕೊಟ್ಟ ಮಹಾನುಭಾವರು ಅವನಿಗೆ ‘ತ್ರೀ ಫೇಸ್’ ಎಂದು ಹೆಸರಿಟ್ಟಿದ್ದಾರೆ. ಮೂರ್ಮುಖ ಅನ್ನಲು ಬಾಯಿ ನೋಯುತ್ತಿತ್ತೇ? ತಾವಾದರೋ ಅವನನ್ನು ನೆಲಕ್ಕೆ ಒಗೆದು, ಮಂತ್ರಿಗಳ ಗಂಟಲಿನಲ್ಲಿ ಘೋಷಿಸಿದಿರಿ: “ಮಹಾಜನಗಳೇ, ಇಂದಿನಿಂದ ತ್ರೀ ಫೇಸ್ ಬರುವುದಿಲ್ಲ! ಇನ್ನೆಂದೆಂದಿಗೂ ಬರುವುದಿಲ್ಲ!” ಟೀವಿಯ ಮುಂದೆ ಕೂತಿದ್ದ ನನ್ನ ಅಕ್ಕನ ಮಗಳು ಸುಮನಾ ಚಪ್ಪಾಳೆ ತಟ್ಟಿದಳು. ಒಳಗೆ ರೊಟ್ಟಿ ತಟ್ಟುತ್ತಿದ್ದ ನನ್ನ ಅಜ್ಜಿ ಕಲ್ಲಮ್ಮ ತಟ್ಟುವುದು ನಿಲ್ಲಿಸಿದಳು. ನಾನು ಆ ಹೊತ್ತಿಗೆ ಟ್ಯಾಂಕಿನ ಬುಡದಲ್ಲಿ ವಾಲ್ವ್ ತಿರುಗಿಸುತ್ತಿದ್ದೆ, ಇದನ್ನು ದಯವಿಟ್ಟು ಗಮನಿಸಬೇಕು.

ಅಜ್ಜಿ ಹಿಟ್ಟಿನ ಕೈಯಲ್ಲೇ ಹಾಲಿನ ಡೈರಿಗೆ ಹೋಗಿ, “ಟೀವಿನಾಗೆ ಈಗ್ ಹೇಳಿದ್ರು ಕಣ್ರೋ, ಇನ್ಮ್ಯಾಲೆ ತ್ರೀ ಫೇಸ್ ಬರಲ್ವಂತೆ” ಎಂದಿದ್ದಾಳೆ. ಯಾರಜ್ಜಿ ಹೇಳಿದ್ದು ಎಂದರೆ, “ಯಾರೋ ಮಂತ್ರಿ ಇದ್ದಂಗಿತ್ತು, ಗಂಟ್ಲು ಜೋರಿತ್ತು” ಎಂದಿದ್ದಾಳೆ. ನೀರಗಂಟಿ ಮನೆಯಿಂದ ಬಂದ ಸುದ್ದಿಯೆಂದರೆ ಸರ್ಕಾರದ ಆದೇಶವೇ ಎಂದುಕೊಂಡ ಜನ, ಬಿಂದಿಗೆ, ಡ್ರಮ್ಮು, ಮದುವೆಯ ಹಂಡೆ, ಕೂಸಿನ ಟಬ್ಬು ತುಂಬಿಸಿ, ಒಬ್ಬ ಪುಣ್ಯಾತ್ಮ ತನ್ನ ಹೆಲ್ಮೆಟ್ಟಿಗೂ ನೀರು ಹಿಡಿದು, ಒಂದು ಗಂಟೆಯಲ್ಲಿ ಟ್ಯಾಂಕ್ ಖಾಲಿ ಮಾಡಿದರು.

ಅಷ್ಟರಲ್ಲಿ ಪಂಚಾಯ್ತಿ ಅಧ್ಯಕ್ಷರಾದ ತೀರ್ಥಪ್ಪನವರು ಎರಡು ಟ್ರ್ಯಾಕ್ಟರ್ ಜನ ಕಟ್ಟಿಕೊಂಡು ಕಡೂರಿಗೆ ಹೋಗಿ, ಕರೆಂಟ್ ಆಫೀಸಿನ ಮುಂದೆ “ಬೇಕೇ ಬೇಕು, ತ್ರೀ ಫೇಸ್ ಬೇಕು” ಎಂದು ಕೂಗಿದರು. ಯಾವ ಮಂತ್ರಿ ಹೇಳಿದ್ದು ಸ್ವಾಮಿ ಎಂದು ಅಲ್ಲಿದ್ದ ಲೈನ್‌ಮನ್ ಕೇಳಿದಾಗ, ಇವರು ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ನಮ್ಮ ಮನೆಗೆ ಫೋನ್ ಮಾಡಿದರು. ಎತ್ತಿದವಳು ಸುಮನಾ. “ಮಂತ್ರಿ ಅಲ್ಲ ತಾತ, ಮಿಂಚುಮರಿ! ಕಾರ್ಟೂನು!”

ಎರಡು ಟ್ರ್ಯಾಕ್ಟರ್ ಜನವೂ ನಕ್ಕರಂತೆ. ಆ ನಗುವಿಗೆ ಯಾರಾದರೂ ಬಲಿಯಾಗಬೇಕಲ್ಲ? ಸಂಜೆ ಪಂಪ್‌ಹೌಸಿಗೆ ಬಂದ ಅಧ್ಯಕ್ಷರು, “ಲೇ ಓಂಕಾರಿ, ಒಂಬತ್ನೇ ಕ್ಲಾಸಿಗೇ ಬಿಟ್ಟೋನು ನೀನು, ನ್ಯೂಸ್ ಯಾವ್ದು ಕಾರ್ಟೂನ್ ಯಾವ್ದು ನಿಂಗೆಂಗೆ ಗೊತ್ತಾಗ್ಬೇಕು?” ಎಂದರು. ಆಮೇಲೆ ದನಿ ಇಳಿಸಿ, “ನಮ್ಮಜ್ಜಿಗೆ ತಲೆ ಕೆಟ್ಟೈತೆ, ಏನೇನೋ ಹೇಳ್ತದೆ ಅಂತ ಬರ್ಕೊಡು. ಕೆಲ್ಸ ಉಳೀತದೆ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಕೀ ಇಟ್ಟೋಗು” ಎಂದರು.

ಮಾನ್ಯರೇ, ತಮ್ಮ ವಿದ್ಯೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಪ್ರತಿ ಕಂತಿನಲ್ಲೂ ತಾವು ಲೆಕ್ಕದ ಪಾಠದ ಮಧ್ಯೆ ಕಿಟಕಿಯಿಂದ ಹಾರುತ್ತೀರಿ. ತಾವು ಹಾರಿದರೆ ಲೋಕೋದ್ಧಾರ, ನಾನು ಹಾರಿದರೆ ಸ್ಕೂಲ್ ಬಿಟ್ಟೋನು. ನಾನೂ ಅದೇ ಪಾಠಕ್ಕೇ ಹಾರಿದ್ದು. ವ್ಯತ್ಯಾಸ ಇಷ್ಟೇ, ನನ್ನ ಬೆನ್ನಿಗೆ ಕೆಂಪು ಬಟ್ಟೆ ಇರಲಿಲ್ಲ.

ಆದ್ದರಿಂದ ತಾವು ಮುಂದಿನ ಕಂತನ್ನು ಒಂದು ದಿನ ಮುಂದೂಡಿ, ಚಡ್ಡಿಯನ್ನು ಪ್ಯಾಂಟಿನ ಒಳಗೆ ಹಾಕಿಕೊಂಡು ಮರ್ಯಾದೆಯಿಂದ ನಮ್ಮ ಪಂಚಾಯ್ತಿ ಕಟ್ಟೆಗೆ ಇಳಿದು, “ಕಲ್ಲಮ್ಮನವರಿಗೆ ಸರಿಯಾಗಿಯೇ ಕೇಳಿಸಿದೆ, ನಾನು ಹಾಗೆಯೇ ಹೇಳಿದ್ದೆ” ಎಂದು ಸಹಿ ಮಾಡಿ ಸೀಲು ಹಾಕಿ ಕೊಡಬೇಕು. ತಮ್ಮ ಖಳನ ಮೂರು ಮುಖದಲ್ಲಿ ಒಂದನ್ನು ತೀರ್ಥಪ್ಪನವರಿಗೆ ಎರವಲು ಕೊಡಿಸಬೇಕು. ಕಡೂರಿನಿಂದ ಬಂದ ಮೇಲೆ ಅವರಿಗೆ ಊರಿಗೆ ತೋರಿಸಲು ಮುಖ ಉಳಿದಿಲ್ಲವಂತೆ. ಹಾಗೆಯೇ ಬರುವಾಗ ಮೇಲಿನ ಕೇರಿಯ ವಾಲ್ವಿಗೆ ಒಂದು ವಾಷರ್ ತರಬೇಕು.

ಅಜ್ಜಿಗೆ ತಲೆ ಕೆಟ್ಟಿದೆಯೆಂದು ಬರೆಯಲು ಅವರು ಕೊಟ್ಟ ಹಾಳೆ ಇದೇ. ಎರಡೂ ಮಗ್ಗುಲು ತುಂಬಿದೆ, ಅದನ್ನು ಬರೆಯಲು ಇನ್ನು ಜಾಗವಿಲ್ಲ. ಇದ್ದರೂ ಬರೆಯಲ್ಲ ಹೋಗ್ರೀ! ಕೀಲಿಯನ್ನು ಒಳಗೆ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಇಟ್ಟಿದ್ದೇನೆ. ಎರಡೂ ಮಗ್ಗುಲು ಓದಲು ಸಿಗಲೆಂದು ಈ ಕಾಗದವನ್ನು ಬಾಗಿಲ ಹೊರಗಿನ ಮೊಳೆಗೆ ಸಿಕ್ಕಿಸಿ, ಇಡೀ ಊರಿಗೆ ಕೇಳುವ ಹಾಗೆ ಬಾಗಿಲು ದಢಾರನೆ ಬಡಿದು ಹೊರಟೆ.

ಇಂದು ಬೆಳಿಗ್ಗೆಯವರೆಗೆ ನೀರಗಂಟಿಯಾಗಿದ್ದ, ಕಾರ್ಟೂನ್ ನೋಡದ,
ತಮ್ಮ ವಿಶ್ವಾಸಿ
ಓಂಕಾರೇಶ್

ಮರೆತ ಮಾತು (ಅಂಚಿನಲ್ಲಿ): ಈ ಬಾಗಿಲು ಜೋರಾಗಿ ಬಡಿದರೆ ಒಳಗಿನ ಚಿಲಕ ತಾನೇ ಬೀಳುತ್ತದೆ. ಪಾಳಿ ಬದಲಾಗಿ ಇಂದಿನಿಂದ ತ್ರೀ ಫೇಸ್ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತದೆ, ಟ್ಯಾಂಕಿನಲ್ಲಿ ತೊಟ್ಟು ನೀರಿಲ್ಲ. ಹೊರಗಿನಿಂದ ಆ ಚಿಲಕ ಎತ್ತುವ ಉಪಾಯ ನನ್ನನ್ನು ಬಿಟ್ಟರೆ ಊರಲ್ಲಿ ಒಬ್ಬರಿಗೇ ಗೊತ್ತು. ಹೋದ ವರ್ಷ ನನಗೆ ಜ್ವರ ಬಂದಾಗ ವಾರವಿಡೀ ರೊಟ್ಟಿ ತಟ್ಟುವ ಕೈಯಿಂದಲೇ ಅದನ್ನು ಎತ್ತಿ ಮೋಟರ್ ಹಾಕಿದ್ದವಳು ಕಲ್ಲಮ್ಮಜ್ಜಿ. ತೀರ್ಥಪ್ಪನವರು ಹೋಗಿ ಕೇಳಿಕೊಳ್ಳಲಿ. ತಲೆ ಕೆಟ್ಟವರ ಮಾತು ನಂಬಬಹುದೋ ಇಲ್ಲವೋ, ಅದನ್ನು ಮಾತ್ರ ಮೊದಲು ಬರೆದುಕೊಡಲಿ.