ತಳ್ಳದ ಕಾರು

ತಪ್ಪೆಲ್ಲ ಬಣ್ಣದ್ದು. ಗಜಾನನ ಮೇಷ್ಟ್ರು ಆ ಕಾರಿಗೆ ಒಂದು ಕೋಟು ಬಣ್ಣ ಹೊಡೆಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕಾಫಿ ತೋಟದ ದೊರೆಯೊಬ್ಬ ಬಿಟ್ಟುಹೋದ, ಎರಡೇ ಸೀಟಿನ, ತಲೆ ಮೇಲೆ ಚಾವಣಿಯಿಲ್ಲದ ಹಳೇ ಸ್ಪೋರ್ಟ್ಸ್ ಕಾರು ಅದು. ಮೂರು ವರ್ಷ ಭಾನುವಾರ ಅನ್ನುವುದನ್ನೇ ಮರೆತು ಮೇಷ್ಟ್ರು ಅದರ ಎಂಜಿನ್, ಗೇರ್ ಬಾಕ್ಸ್, ಬ್ರೇಕು ಎಲ್ಲವನ್ನೂ ಬಿಚ್ಚಿ ಸರಿಮಾಡಿದ್ದರು. ಕೀ ತಿರುಗಿಸಿದರೆ ಸಾಕು, ಗುರ್ ಅಂತ ಏಳುತ್ತಿತ್ತು. ಮೈ ಮಾತ್ರ ಹಾಗೇ. ಬಣ್ಣ ಎದ್ದು, ತುಕ್ಕು ಹಿಡಿದು, ಯಾರಾದರೂ ನೋಡಿದರೆ ಅಯ್ಯೋ ಪಾಪ ಅನ್ನಬೇಕು.

"ಇದು ಪ್ರದರ್ಶನಕ್ಕಿಡೋಕಲ್ಲ ಕಣೆ, ದಿನಾ ಓಡ್ಸೋಕೆ. ಎನ್.ಆರ್. ಪುರದ ಕಾಲೇಜಿಗೆ ಇನ್ಮೇಲೆ ಬಸ್ಸಲ್ಲಿ ನೇತಾಡ್ಕೊಂಡು ಹೋಗಲ್ಲ ನಾನು" ಅಂದರು ಮೇಷ್ಟ್ರು.

ಹೆಂಡತಿ ದೇವಕಿ ಸೊಂಟಕ್ಕೆ ಕೈಕೊಟ್ಟು ನಿಂತರು. "ಶೃಂಗೇರೀಲಿ ನಮ್ಮಕ್ಕನ ಮೊಮ್ಮಗೂದು ನಾಮಕರಣ ಇದ್ಯಲ್ಲ, ಇವತ್ತು ಇದ್ರಲ್ಲೇ ಹೋಗಿ ಬರುವ. ದಾರೀಲಿ ಒಂದೇ ಒಂದು ಸಲ ಯಾರಾದ್ರೂ ತಳ್ಳಿದ್ರೆ ನಾಳೆನೇ ಗುಜರಿಗೆ. ತಳ್ಳದೆ ಬಂತೋ, ಗುಜರಿ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ."

"ಆಯ್ತು!" ಅಂದರು ಮೇಷ್ಟ್ರು. ಎಂಜಿನ್ ಮೇಲೆ ಅವರಿಗೆ ಅಷ್ಟು ನಂಬಿಕೆ.

ಎಂಜಿನ್ನನ್ನು ನಂಬಿದರು ಸರಿ, ಊರಿನವರನ್ನು ಮರೆತರು. ನಮ್ಮ ಕಡೆಯವನು ಬಾಳೆಲೆಯಲ್ಲಿ ಬಡಿಸಿದ ಊಟವನ್ನಾದರೂ ಬಿಟ್ಟಾನು, ನಿಂತ ಗಾಡಿ ತಳ್ಳುವುದನ್ನು ಬಿಡಲಾರ.

ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ಹೂವಿಗೆಂದು ನಿಲ್ಲಿಸಿದ್ದೇ ತಡ, ಹೋಟೆಲಿನ ಸುಬ್ಬಯ್ಯ ಪಂಚೆ ಎತ್ತಿಕಟ್ಟಿ ಓಡಿಬಂದ. ಹಿಂದೆ ಮೂರು ಜನ ಗಿರಾಕಿಗಳು, ಒಬ್ಬನ ಕೈಯಲ್ಲಿ ಅರ್ಧ ಬನ್ಸ್.

"ನೀವು ಸೆಕೆಂಡ್ ಗೇರಿಗೆ ಹಾಕಿ ಮಾರಾಯ್ರೇ, ನಾವು ನೂಕ್ತೀವಿ!"

"ಮುಟ್ಬೇಡಿ! ಕೈ ತೆಗೀರಿ!" ಮೇಷ್ಟ್ರು ಕೂಗಿದ ಕೂಗಿಗೆ ಬನ್ಸ್ ರಸ್ತೆಗೆ ಬಿತ್ತು.

ದೇವಕಿ ತಿರುಗಿ ನೋಡಿದರು. "ಕೈ ಇಟ್ರು, ತಳ್ಳಲಿಲ್ಲ. ಬಿಟ್ಟಿದೀನಿ."

ಭಂಡಿಗಡಿ ದಾಟಿದ ಮೇಲೆ ಫೋನು ಬಂತು. ಮುಂದೆ ಹೋದರೆ ಸಿಗ್ನಲ್ ಸಿಗದು ಅಂತ ದೇವಕಿ ಗಾಡಿ ನಿಲ್ಲಿಸಲು ಹೇಳಿ, ಇಳಿದು ಅಕ್ಕನ ಹತ್ತಿರ ಮಾತಿಗೆ ನಿಂತರು. ಮೇಷ್ಟ್ರು ಕಣ್ಣು ಮುಚ್ಚಿ ಒರಗಿದ್ದಷ್ಟೇ. ಕಾರು ತನ್ನಷ್ಟಕ್ಕೆ ಹೊರಟಿತು! ಕಣ್ಣು ಬಿಟ್ಟರೆ ಮುಂದೊಂದು ಜೀಪು, ನಡುವೆ ಹಗ್ಗ. ಗುರುತಿನ ತಿಮ್ಮಪ್ಪ ಹೇಳದೆ ಕೇಳದೆ ಕಟ್ಟಿ ಎಳೆಯುತ್ತಿದ್ದಾನೆ. ಮೇಷ್ಟ್ರು ಎರಡೂ ಕಾಲಲ್ಲಿ ಬ್ರೇಕ್ ತುಳಿದು ಹಾರನ್ ಒತ್ತಿ ನಿಲ್ಲಿಸುವಷ್ಟರಲ್ಲಿ ಇಪ್ಪತ್ತಡಿ ಹೋಗಿಯಾಗಿತ್ತು.

"ಒಳ್ಳೇದಕ್ಕೆ ಕಾಲ ಇಲ್ಲ" ಅಂತ ಗೊಣಗುತ್ತ ತಿಮ್ಮಪ್ಪ ಹಗ್ಗ ಸುತ್ತಿಕೊಂಡ.

"ಇದು ಎಳೆದದ್ದು ಕಣೆ, ತಳ್ಳಿದ್ದಲ್ಲ! ಎರಡೂ ಬೇರೆ ಬೇರೆ!" ಅಂದರು ಮೇಷ್ಟ್ರು, ಓಡಿಬಂದ ಹೆಂಡತಿಗೆ. ಎಳೆದರೂ ತಳ್ಳಿದರೂ ಬಲ ಒಂದೇ ಅಂತ ಇಪ್ಪತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದ ಬಾಯಿ ಅದು.

"ಹೋಗ್ಲಿ, ಇದೊಂದು ಸಲ" ಅಂದರು ದೇವಕಿ.

ಶೃಂಗೇರಿಯಲ್ಲಿ ಮೇಷ್ಟ್ರು ಬೇಕಂತಲೇ ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿದರು. ಹೋಳಿಗೆ ಊಟ ಮುಗಿಸಿ ಹೊರಗೆ ಬಂದರೆ ಕಾರಿಲ್ಲ! ನೋಡಿದರೆ ಕೆಳಗೆ ಇಳಿಜಾರಿನಲ್ಲಿ, ಗಾಲಿಗೆ ಕಲ್ಲು ಕೊಟ್ಟುಕೊಂಡು ನಿಂತಿದೆ. ಪಕ್ಕದಲ್ಲಿ ಅಡುಗೆಯ ಗೋವಿಂದ ಭಟ್ಟರು ಬೆವರು ಒರೆಸಿಕೊಳ್ಳುತ್ತಿದ್ದಾರೆ.

"ಎಂತ ಮೇಷ್ಟ್ರೇ, ಚಪ್ಪಟೆ ಜಾಗದಲ್ಲಿ ನಿಲ್ಸೋದಾ? ಹೊರಡುವಾಗ ಸ್ಟಾರ್ಟ್ ಆಗ್ಬೇಕಲ್ಲ. ನಾವು ನಾಲ್ಕು ಜನ ಸೇರಿ ಇಳಿಜಾರಿಗೆ ತಳ್ಳಿ ನಿಲ್ಸಿದೀವಿ. ನಮ್ಮ ಜೀಪೂ ಹೀಗೇ."

"ತಳ್ಳಿದ್ರಾ!" ಮೇಷ್ಟ್ರು ಭಟ್ಟರನ್ನು ಪಕ್ಕಕ್ಕೆ ಎಳೆದರು. "ಭಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ನಮ್ಮ ಮನೆಯವಳಿಗೆ ಮಾತ್ರ ಹೇಳ್ಬೇಡಿ."

"ಛೆ ಛೆ, ಉಪಕಾರ ಮಾಡಿ ಹೇಳ್ಕೊಂಡು ತಿರುಗೋರಲ್ಲ ನಾವು" ಅಂದರು ಭಟ್ಟರು.

ಕಾರನ್ನು ಮೊದಲಿನ ಜಾಗಕ್ಕೆ ತಂದು ನಿಲ್ಲಿಸಿ ಮೇಷ್ಟ್ರು ಉಸಿರು ಬಿಡುವಾಗ, ದೇವಕಿ ತಮ್ಮ ಚಿಕ್ಕಪ್ಪ ವಿದ್ಯಾಶಂಕರರ ಜೊತೆ ಹೊರಗೆ ಬಂದರು. ಕೆರೆಕಟ್ಟೆ ಊರಿನ ಪುರೋಹಿತರು, ಮನೆತನಕ್ಕೇ ಹಿರಿಯರು. ಕಾರಿಗೆ ಒಂದು ಸುತ್ತು ಬಂದು ಕೇಳಿದರು: "ಗಜಾನನ, ಇದನ್ನ ತಳ್ಳಬೇಕಾಗುತ್ತದೋ?"

ಹೆಂಡತಿ ಕಿವಿಗೂ ಬೀಳಲಿ ಅಂತ ಮೇಷ್ಟ್ರು ಎದೆ ತಟ್ಟಿಕೊಂಡರು. "ಒಂದೇ ಒಂದು ಸಲವೂ ಇಲ್ಲ ಚಿಕ್ಕಪ್ಪ! ಕೀ ತಿರುಗಿಸಿದ್ರೆ ಸಾಕು."

ವಾಪಸು ಬರುವಾಗ ಎಲ್ಲೂ ನಿಲ್ಲಿಸಲಿಲ್ಲ. ಸಂಜೆ ಐದಕ್ಕೆ ಕಾರು ಮನೆಯಂಗಳಕ್ಕೆ ಬಂತು.

"ಸೋತೆ ಮಾರಾಯ್ರೇ" ಅಂದರು ದೇವಕಿ. "ಇನ್ನು ಗುಜರಿ ಮಾತಿಲ್ಲ. ಚಿಕ್ಕಪ್ಪಂಗೂ ನೀವು ಶೃಂಗೇರೀಲಿ ಎದೆ ತಟ್ಟಿ ಹೇಳಿದ್ದೇ ಸಾಕಾಯ್ತು. ಕೆರೆಕಟ್ಟೆಗೆ ಸರಿಯಾಗಿ ಬಸ್ಸಿಲ್ಲ, ಪೂಜೆಗೆ ಓಡಾಡೋಕೆ ಆಗ್ತಿಲ್ಲ ಪಾಪ. ತಳ್ಳೋ ಗಾಡಿ ಆದ್ರೆ ಈ ವಯಸ್ಸಲ್ಲಿ ಬೇಡ, ತಳ್ಳದ ಗಾಡಿ ಆದ್ರೆ ಕೊಡು ಅಂದ್ರು. ಕೊಡ್ತೀನಿ ಅಂದೆ. ನಾಳೆ ಬೆಳಿಗ್ಗೆ ಅವರ ಮಗ ಬಂದು ತಗೊಂಡು ಹೋಗ್ತಾನೆ."

"ಎಂತ? ಎಷ್ಟು ದಿನಕ್ಕೆ?"

"ಹಿರಿಯರಿಗೆ ಕೊಡುವಾಗ ದಿನ ಕೇಳ್ತಾರಾ?"

"ಗುಜರಿಗೆ ಹಾಕಲ್ಲ ಅಂದಿದ್ಯಲ್ಲೇ!"

"ಹಾಕಿದ್ನಾ? ಯಾರಿಗೂ ಕೊಡಲ್ಲ ಅಂತ ಯಾವಾಗ ಅಂದಿದ್ದೆ?"

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ತಳ್ಳಿದ್ರು ಕಣೆ! ಶೃಂಗೇರೀಲಿ ನಾಲ್ಕು ಜನ ಸೇರಿ ತಳ್ಳಿದ್ರು! ಈಗಲೇ ಚಿಕ್ಕಪ್ಪಂಗೆ ಫೋನ್ ಮಾಡು, ಇದು ತಳ್ಳೋ ಗಾಡಿ ಅಂತ ಹೇಳು!"

ದೇವಕಿ ಫೋನು ಕೈಗೆತ್ತಿಕೊಂಡರು. "ಹೌದಾ? ಹಾಗಾದ್ರೆ ಚಿಕ್ಕಪ್ಪಂಗೆ ಬೇಡ ಅಂತೀನಿ, ಹಾಗೇ ಗುಜರಿಯವನಿಗೂ ಬರೋಕೆ ಹೇಳ್ತೀನಿ. ಸರಿಯಾಗಿ ಹೇಳಿ, ತಳ್ಳಿದ್ರಾ, ಇಲ್ವಾ?"

ಮೇಷ್ಟ್ರು ಕಾರು ನೋಡಿದರು, ಹೆಂಡತಿಯ ಕೈಯ ಫೋನು ನೋಡಿದರು.

"ಯಾರೂ ತಳ್ಳಲಿಲ್ಲ ಮಾರಾಯ್ತಿ" ಅಂದು, ಎನ್.ಆರ್. ಪುರಕ್ಕೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಲು ಪಕ್ಕದ ಮನೆಗೆ ನಡೆದರು.