ಕಬ್ಬಿನ ಗಾಡಿ ಮತ್ತು ನನ್ನ ಎರಡು ಕೈ

ನನಗೆ ಅರ್ಜಿ ಬರೆಯುವ ಚಟವಿದೆ. ಕೆಲವರಿಗೆ ಎಲೆ-ಅಡಿಕೆ, ಕೆಲವರಿಗೆ ಇಸ್ಪೀಟು, ನನಗೆ ಅರ್ಜಿ. ಮೂವತ್ತು ವರ್ಷ ಕಚೇರಿಯಲ್ಲಿ ಕೂತು ಮಂದಿಯ ಅರ್ಜಿಗಳನ್ನು ಫೈಲಿನಲ್ಲಿ ಹೂಳಿದವನು, ನಿವೃತ್ತನಾದ ಮೇಲೆ ಸರಕಾರದ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದೇನೆ ಎನ್ನುವುದು ನನ್ನ ಹೆಂಡತಿಯ ಅಭಿಪ್ರಾಯ.

ನಮ್ಮದು ಮುಧೋಳದ ಅಂಚಿನ ಓಣಿ. ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು, ಮನೆಗಳ ನಡುವೆ ಧೂಳೆಬ್ಬಿಸುತ್ತ ಫ್ಯಾಕ್ಟರಿಗೆ ಓಡುತ್ತವೆ. ಎದುರುಮನೆಯ ಕಲ್ಲವ್ವಕ್ಕನ ಗಂಡ ಮಲ್ಲಪ್ಪಜ್ಜನಿಗೆ ಕಿವಿ ಪೂರಾ ಕೇಳುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಚಹಾದ ಕಿಟ್ಲಿ ಹಿಡಿದು, ರಸ್ತೆ ದಾಟಿ, ಆಚೆ ಕಟ್ಟೆಯ ಗೆಳೆಯರ ಹತ್ತಿರ ಹೋಗಲೇಬೇಕು. ಅವರು ಆಚೆ ಮುಟ್ಟುವತನಕ ಕಲ್ಲವ್ವಕ್ಕ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಅದನ್ನು ನೋಡಲಾರದೆ ನಾನು ನಾಲ್ಕು ಅರ್ಜಿ ಬರೆದು 'ವೇಗದ ಮಿತಿ ೨೦' ಎಂಬ ಬೋರ್ಡು ಹಾಕಿಸಿದೆ. ಅದರ ಕಂಬಕ್ಕೆ ಯಾರೋ ಆಡು ಕಟ್ಟಿದರು. ಉಪಯೋಗವಾದದ್ದು ಅಷ್ಟೇ.

ಒಂದು ದಿನ ಕಲ್ಲವ್ವಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯ ನಟ್ಟನಡುವೆ ನಿಂತೇಬಿಟ್ಟರು. ಟ್ರ್ಯಾಕ್ಟರು ಕಿರುಚಿ ನಿಂತಿತು. ಒಳ್ಳೆಯ ಬೈಗುಳ ಕೇಳಲು ಸಿಗುತ್ತದೆಂದು ಓಣಿಯೆಲ್ಲ ಹೊರಗೆ ಬಂತು. ಅವರು ಬೈಯಲಿಲ್ಲ, ಕೇಳಿದರು: "ತಮ್ಮಾ, ಊರ ಹೊರಗ ಸಾವಕಾಶ ಬರ್ತಿ. ನಮ್ಮ ಓಣ್ಯಾಗ ಯಾಕ ಹಿಂಗ ಓಡಸ್ತಿ?"

ಡ್ರೈವರ್ ತಲೆ ಕೆರೆದುಕೊಂಡ. "ಸಾವಕಾಶ ಹೋದ್ರ ನಿಮ್ಮ ಮಂದಿ ಹಿಂದಿಂದ ಕಬ್ಬು ಎಳಕೋತಾರ್ರೀ ಯವ್ವಾ."

ನಾಲ್ಕು ಅರ್ಜಿ ಬರೆದರೂ ನನಗೆ ಈ ಒಂದು ಪ್ರಶ್ನೆ ಹೊಳೆದಿರಲಿಲ್ಲ. ಆಕೆಯ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದೆ. ಕಲ್ಲವ್ವಕ್ಕ ನಮ್ಮ ಕಡೆ ತಿರುಗಿದರು. "ಕೇಳಿದ್ರಿಲ್ಲ? ಇನ್ನ ಮ್ಯಾಲೆ ಯಾರರ ಒಂದ ಕಬ್ಬು ಮುಟ್ಟಿದ್ರೂ ನನ್ನ ಗಂಡನ್ನ ಗಾಲಿ ಕೆಳಗ ದೂಡಿದಂಗ!"

ಮರುದಿನದಿಂದ ಟ್ರ್ಯಾಕ್ಟರುಗಳು ಮದುವೆ ಮೆರವಣಿಗೆಯಂತೆ ಹೋಗತೊಡಗಿದವು. ಐದನೆಯ ದಿನ ನಾನು ಗೇಟಿನ ಬಳಿ ಈ ಸುಧಾರಣೆಯನ್ನು ಮೆಚ್ಚುತ್ತ ನಿಂತಿದ್ದೆ. ದಪ್ಪನೆಯದೊಂದು ಕಬ್ಬು ಟ್ರೇಲರಿನಿಂದ ಇಳಿಬಿದ್ದು ಎದುರಿಗೇ ಬಂತು. ನನ್ನ ಕೈ ಶಾಲೆ ಬಿಟ್ಟು ಹೊಲ ಸುತ್ತುತ್ತಿದ್ದ ಕಾಲದ ಕೈ. ಅದು ನನ್ನನ್ನು ಕೇಳದೆಯೇ ಕಬ್ಬು ಎಳೆದುಕೊಂಡಿತು.

ಡ್ರೈವರ್ ಕನ್ನಡಿಯಲ್ಲಿ ಕಂಡಿರಬೇಕು, ಕೂಗಿ ಗಾಡಿ ಓಡಿಸಿದ. ಹಿಂದಿನವನೂ ಕಂಡಿದ್ದ, ಅವನೂ ಓಡಿಸಿದ. ನಡುರಸ್ತೆಯಲ್ಲಿ ಕಿಟ್ಲಿ ಹಿಡಿದು ಮಲ್ಲಪ್ಪಜ್ಜ! ಕಲ್ಲವ್ವಕ್ಕ ಚೀರಿದ್ದು ಓಣಿಗೆಲ್ಲ ಕೇಳಿತು, ಅಜ್ಜ ಒಬ್ಬರನ್ನು ಬಿಟ್ಟು. ಹಿಂದಿನ ಗಾಡಿ ಅಜ್ಜನಿಂದ ಮೊಳದಷ್ಟು ದೂರದಲ್ಲಿ ನಿಂತಿತು. ಅಜ್ಜ ಏನೂ ಆಗದವರಂತೆ ದಾಟಿ ಹೋದರು. ನಾನು ಕಬ್ಬನ್ನು ಬೆನ್ನ ಹಿಂದೆ ಅಡಗಿಸಿದೆ.

ಕಲ್ಲವ್ವಕ್ಕ ಬಂದು ನನ್ನ ಬೆನ್ನ ಹಿಂದೆ ಇಣುಕಿದರು. "ನಿಮ್ಮ ಅರ್ಜಿ ಭಾಳ ಛಲೋ ಇತ್ರಿ ಸಾಹೇಬ್ರ. ಕೈ ಅಷ್ಟ ಸುಮಾರ ನೋಡ್ರಿ."

ಈಗ ಅಜ್ಜನನ್ನು ದಾಟಿಸುವ ಕೆಲಸ ನನ್ನದು. ದಿನಾ ಬೆಳಿಗ್ಗೆ ಕಲ್ಲವ್ವಕ್ಕ ನನ್ನ ಒಂದು ಕೈಗೆ ಗಂಡನ ಕೈ, ಇನ್ನೊಂದಕ್ಕೆ ಸುಡುವ ಚಹಾದ ಕಿಟ್ಲಿ ಕೊಟ್ಟು ಕಳಿಸುತ್ತಾರೆ. ಗಾಡಿಗಳು ನಿಂತು ದಾರಿ ಬಿಡುತ್ತವೆ. ಮೂಗಿನ ಮುಂದೆಯೇ ಕಬ್ಬು ತೂಗಾಡುತ್ತಿರುತ್ತದೆ. ಏನು ಮಾಡಲಿ, ನನಗಿರುವುದು ಎರಡೇ ಕೈ.